ಪಂಜರದೊಳಗಿನ ಡಿಫರೆನ್ಷಿಯಲ್

ಜೇಮ್ಸ್ ಸ್ಟಾರ್ಲಿ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಮೊದಲು ಹೊಲಿಗೆ ಯಂತ್ರ, ಆಮೇಲೆ ಸೈಕಲ್ ಮಾಡುತ್ತಿದ್ದ ಕುಶಲಕರ್ಮಿ. ಒಮ್ಮೆ ಮಗನ ಜೊತೆ ಅಕ್ಕಪಕ್ಕ ಕೂತು ತುಳಿಯುವ ಗಾಡಿಯಲ್ಲಿ ಹೊರಟನಂತೆ. ಮಗನ ಕಾಲಿನ ಕಸುವು ಅಪ್ಪನದಕ್ಕಿಂತ ಜಾಸ್ತಿ. ಗಾಡಿ ಒಂದೇ ಕಡೆಗೆ ಎಳೆದು ಇಬ್ಬರನ್ನೂ ತುರಿಕೆ ಗಿಡಗಳ ಪೊದೆಗೆ ಕೆಡವಿತಂತೆ. ಕಥೆಗೆ ಒಂದಿಷ್ಟು ಉಪ್ಪುಖಾರ ಸೇರಿರಬಹುದು. 1877ರಲ್ಲಿ ಅವನು ತನ್ನ ಮೂರು ಗಾಲಿಯ ಸೈಕಲ್ಲಿಗೆ ಡಿಫರೆನ್ಷಿಯಲ್ ಗೇರು ಕೂರಿಸಿದ್ದು ಮಾತ್ರ ನಿಜ. ಫ್ರಾನ್ಸಿನ ಒನೆಸಿಫೋರ್ ಪೆಕರ್ ಸುಮಾರು ಅರ್ಧ ಶತಮಾನ ಮೊದಲೇ ಉಗಿಗಾಡಿಗೆಂದು ಇದರ ಪೇಟೆಂಟ್ ಪಡೆದಿದ್ದ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡಕ್ಕೂ ಬಲ ಕೊಡುತ್ತಲೇ ಅವುಗಳ ಪಾಡಿಗೆ ಅವನ್ನು ಉರುಳಲು ಬಿಡುವುದೇ ಈ ಗೇರಿನ ಕೆಲಸ.

84 ವರ್ಷಗಳ ನಂತರ ಅದೇ ಕೋವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಿಂದ ಜಾಗ್ವಾರ್ ಇ-ಟೈಪ್ ಕಾರು ಹೊರಬಂತು. 1961ರ ಮಾರ್ಚ್‌ನಲ್ಲಿ ಜಿನೀವಾದ ಪ್ರದರ್ಶನಕ್ಕೆ ಜನ ಮುಗಿಬಿದ್ದರು. ಓಡಿಸಿ ನೋಡಲು ಬಂದವರ ಸಾಲು ಬೆಳೆದಾಗ, ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಕೋವೆಂಟ್ರಿಯಿಂದ ಇನ್ನೊಂದು ಕಾರನ್ನು ರಾತ್ರೋರಾತ್ರಿ ಓಡಿಸಿಕೊಂಡು ಬರಬೇಕಾಯಿತು. ಬೆಲೆ ಸುಮಾರು 2,000 ಪೌಂಡ್, ವೇಗ ಗಂಟೆಗೆ 150 ಮೈಲಿ ಎಂಬ ಪ್ರಚಾರ. ಎಲ್ಲರ ಕಣ್ಣೂ ಆ ಉದ್ದನೆಯ ಬಾನೆಟ್ಟಿನ ಮೇಲೆ. ಬಗ್ಗಿ ಹಿಂಬದಿಯ ಅಡಿ ನೋಡಿದವರಿಗೆ ಬೇರೆಯೇ ಸುದ್ದಿ ಸಿಗುತ್ತಿತ್ತು.

ಅಲ್ಲಿಯವರೆಗೆ ಜಾಗ್ವಾರ್‌ಗಳ ಹಿಂದೆ ಇದ್ದದ್ದು ಇಡಿಯಾದ ಆಕ್ಸಲ್. ಒಂದು ಗಾಲಿ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತದೆ. 1955ರಿಂದ 1957ರವರೆಗೆ ಸತತ ಮೂರು ವರ್ಷ ಲ ಮಾನ್ ರೇಸ್ ಗೆದ್ದ ಜಾಗ್ವಾರ್ ಡಿ-ಟೈಪ್ ಕೂಡ ನುಣುಪಾದ ರಸ್ತೆಯಲ್ಲಿ ಹುಲಿ, ಒರಟು ರಸ್ತೆಯಲ್ಲಿ ತಡಬಡಿಸುವ ಗಾಡಿ. ಒಂದೇ ತಿಂಗಳಲ್ಲಿ ಹಿಂಗಾಲಿಗಳಿಗೆ ಸ್ವತಂತ್ರ ಸಸ್ಪೆನ್ಷನ್ ಮಾಡಲಾಗದು ಎಂದು ಮಾಲೀಕ ಸರ್ ವಿಲಿಯಂ ಲಯನ್ಸ್ ಐದು ಪೌಂಡ್ ಬಾಜಿ ಕಟ್ಟಿದರೆಂದೂ, ಎಂಜಿನಿಯರ್ ಬಾಬ್ ನೈಟ್ 27 ದಿನಗಳಲ್ಲೇ ಮಾಡಿ ಮುಗಿಸಿದರೆಂದೂ ಜಾಗ್ವಾರ್ ಬಳಗದಲ್ಲಿ ಇಂದಿಗೂ ಹೇಳುತ್ತಾರೆ.

ನೈಟ್ ಮಾಡಿದ್ದು ಹೀಗೆ. ಸ್ಯಾಲಿಸ್‌ಬರಿ ಕಂಪನಿಯ ಡಿಫರೆನ್ಷಿಯಲ್ಲನ್ನು ಉಕ್ಕಿನ ಪಂಜರದೊಳಗೆ ಗಟ್ಟಿಯಾಗಿ ಬಿಗಿದು, ಆ ಪಂಜರವನ್ನು ನಾಲ್ಕು ರಬ್ಬರ್ ದಿಂಬುಗಳ ಮೇಲೆ ಕಾರಿನ ಒಡಲಿಗೆ ತೂಗುಹಾಕಿದರು. ಗೇರಿನ ಸದ್ದು ರಬ್ಬರಿನಲ್ಲೇ ಇಂಗಿಹೋಗುತ್ತಿತ್ತು. ಒಂದೊಂದು ಪಕ್ಕಕ್ಕೆ ಎರಡೆರಡು ಸ್ಪ್ರಿಂಗು. ಗಾಲಿಯನ್ನು ಕೆಳಗಿನಿಂದ ಹಿಡಿಯಲು ಒಂದು ಕೊಳವೆತೋಳು. ಮೇಲಿನಿಂದ ಹಿಡಿಯುವ ತೋಳು? ಅದು ಬೇರೆ ಇಲ್ಲ, ಗಾಲಿ ತಿರುಗಿಸುವ ಶಾಫ್ಟೇ ಆ ಕೆಲಸವನ್ನೂ ಮಾಡುತ್ತದೆ. ಗಾಲಿಯ ಕಡೆ ಭಾರ ಕಡಿಮೆಯಿರಲಿ ಎಂದು ಬ್ರೇಕ್ ಡಿಸ್ಕುಗಳನ್ನು ಗಾಲಿಯಿಂದ ತೆಗೆದು ಡಿಫರೆನ್ಷಿಯಲ್ಲಿನ ಎರಡೂ ಮಗ್ಗುಲಿಗೆ ಅಂಟಿಸಿದರು. ಕೂತು ಹೋಗುವವರಿಗೆ ಇದರಷ್ಟು ಸುಖ ಇನ್ನೊಂದಿಲ್ಲ. ಸ್ಪ್ಯಾನರ್ ಹಿಡಿಯುವವನ ಗೋಳು ಶುರುವಾದದ್ದೂ ಇಲ್ಲಿಂದಲೇ.

ಬ್ರೇಕ್ ಹಾಕಿದಾಗೆಲ್ಲ ಡಿಸ್ಕ್ ಕಾಯುತ್ತದೆ. ಆ ಕಾವು ಪಕ್ಕದಲ್ಲೇ ಇರುವ ಆಯಿಲ್ ಸೀಲನ್ನು ನಿಧಾನವಾಗಿ ಸುಟ್ಟು ಗಡುಸು ಮಾಡುತ್ತದೆ. ಗಡುಸಾದ ಸೀಲಿನಿಂದ ಗೇರ್ ಆಯಿಲ್ ಜಿನುಗಿ ನೇರ ಡಿಸ್ಕಿಗೆ, ಅಲ್ಲಿಂದ ಪ್ಯಾಡಿಗೆ. ಆಗ ಬ್ರೇಕ್ ಹಿಡಿಯುವುದಿಲ್ಲ, ಹ್ಯಾಂಡ್‌ಬ್ರೇಕ್ ಕೂಡ ನಿಲ್ಲುವುದಿಲ್ಲ. ಹಿಂಗಾಲಿಗಳ ಬ್ರೇಕ್ ಸಡಿಲವೆಂಬ ದೂರು ಬಂದರೆ ಅನುಭವಿ ಮೆಕ್ಯಾನಿಕ್ ಮೊದಲು ನೋಡುವುದು ಡಿಫರೆನ್ಷಿಯಲ್ಲಿನ ನೆತ್ತಿಯ ಮೇಲಿನ ಪುಟ್ಟ ಬ್ರೀದರನ್ನು. ಅದು ಮಣ್ಣು ಕಟ್ಟಿದ್ದರೆ ಒಳಗಿನ ಬಿಸಿಗಾಳಿಗೆ ಹೊರದಾರಿಯಿಲ್ಲದೆ ಒತ್ತಡವೇರಿ ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬೀಳುತ್ತದೆ. ಬ್ರೀದರ್ ಚೊಕ್ಕವಾಗಿದ್ದೂ ಎಣ್ಣೆ ಸೋರುತ್ತಿದ್ದರೆ ಬೇರೆ ದಾರಿಯಿಲ್ಲ, ಪಂಜರ ಇಳಿಸಬೇಕು. ಎಕ್ಸಾಸ್ಟ್ ಬಿಚ್ಚಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಬ್ರೇಕಿನ ಪೈಪು, ಹ್ಯಾಂಡ್‌ಬ್ರೇಕಿನ ಕೇಬಲ್ ಕಳಚಿ, ತುಕ್ಕು ಹಿಡಿದು ಕಚ್ಚಿಕೊಂಡ ರೇಡಿಯಸ್ ಆರ್ಮ್ ಬೋಲ್ಟುಗಳ ಜೊತೆ ಗುದ್ದಾಡಿ, ಕೊನೆಗೆ ಜಾಕಿನ ಮೇಲೆ ಇಡೀ ಗಂಟನ್ನು ಕೆಳಗಿಳಿಸಬೇಕು. ಬರೀ ಡಿಸ್ಕ್ ಬದಲಿಸುವುದಕ್ಕೂ ಇಷ್ಟೇ ಪಾಡು.

ಶಾಫ್ಟೇ ಮೇಲ್ತೋಳು ಎಂಬ ಜಾಣತನಕ್ಕೂ ತೆರ ತೆತ್ತೇ ತೀರಬೇಕು. ಬೇರೆ ಕಾರಿನಲ್ಲಿ ಶಾಫ್ಟಿನ ಕೀಲಾದ ಕ್ರಾಸ್ ಸವೆದರೆ ಗೇರ್ ಹಾಕಿದಾಗ ಟಕ್ಕೆಂದು ಸದ್ದು ಬರುತ್ತದೆ, ಅಷ್ಟೆ. ಇಲ್ಲಿ ಗಾಲಿಯ ವಾಲಿಕೆಯೇ ಬದಲಾಗುತ್ತದೆ. ಆ ವಾಲಿಕೆಯನ್ನು ಸರಿಹೊಂದಿಸುವ ಶಿಮ್ಮುಗಳು, ಅಂದರೆ ತೆಳು ಬಿಲ್ಲೆಗಳು, ಇರುವುದು ಡಿಸ್ಕ್ ಮತ್ತು ಶಾಫ್ಟಿನ ನಡುವೆ. ಬಿಚ್ಚುವಾಗ ಎಡ ಯಾವುದು, ಬಲ ಯಾವುದು ಎಂದು ಗುರುತು ಹಾಕಿಕೊಳ್ಳದವನು ಎರಡನೇ ಸಲ ಬಿಚ್ಚುತ್ತಾನೆ.

ಇನ್ನು ಡಿಫರೆನ್ಷಿಯಲ್ಲಿನ ಹೌಸಿಂಗಿನ ಒಳಗೆ, ನಮ್ಮ ಲಾರಿ ಗ್ಯಾರೇಜುಗಳಲ್ಲಿ ‘ಕ್ರೌನ್ ಪಿನಿಯನ್’ ಎಂದು ಒಂದೇ ಉಸಿರಿಗೆ ಹೇಳುವ ಜೋಡಿ. ಇವು ಹೈಪಾಯ್ಡ್ ಗೇರುಗಳು. ಅಮೆರಿಕದ ಗ್ಲೀಸನ್ ಕಂಪನಿ ರೂಪಿಸಿದ ಇವನ್ನು 1920ರ ದಶಕದಲ್ಲಿ ಪ್ಯಾಕರ್ಡ್ ಕಾರುಗಳು ಜನಪ್ರಿಯಗೊಳಿಸಿದವು. ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುವುದರಿಂದ ಪ್ರೊಪೆಲ್ಲರ್ ಶಾಫ್ಟೂ ತಗ್ಗುತ್ತದೆ, ಕಾರೂ ತಗ್ಗುತ್ತದೆ. ಆದರೆ ಹಲ್ಲುಗಳು ಒಂದರ ಮೇಲೊಂದು ಜಾರುತ್ತಲೇ ಕಚ್ಚುವುದರಿಂದ ಮಾಮೂಲಿ ಎಣ್ಣೆ ತಾಳುವುದಿಲ್ಲ. ಗಂಧಕ ಬೆರೆತ, ಅತಿ ಒತ್ತಡ ತಾಳುವ ಇಪಿ ಆಯಿಲ್ ಬೇಕು. ಡ್ರೇನ್ ಪ್ಲಗ್ ತೆಗೆದೊಡನೆ ಮೂಗಿಗೆ ಹೊಡೆಯುವ ವಾಸನೆ ಅದರದೇ.

ಪ್ರತಿ ಪಿನಿಯನ್ನಿನ ಮುಖದ ಮೇಲೆ ಕಾರ್ಖಾನೆಯವರು ಜೋಡಿ ಗುರುತಿಸುವ ಒಂದು ನಂಬರನ್ನೂ, ಕೂಡಿಸುವ ಅಥವಾ ಕಳೆಯುವ ಗುರುತಿರುವ ಇನ್ನೊಂದು ಅಂಕಿಯನ್ನೂ ಕೊರೆದಿರುತ್ತಾರೆ. ಪಿನಿಯನ್ ಎಷ್ಟು ಆಳದಲ್ಲಿ ಕೂರಬೇಕು ಎಂಬುದನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುವ ಲೆಕ್ಕ ಅದು. ಕಾಗದದಷ್ಟು ತೆಳ್ಳಗಿನ ಶಿಮ್ ಹಾಕಿ, ತೆಗೆದು, ಹಲ್ಲಿಗೆ ಬಣ್ಣದ ಪೇಸ್ಟ್ ಸವರಿ ಕೈಯಲ್ಲೇ ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬೀಳುವವರೆಗೆ ಕೂರಬೇಕು. ಅವಸರ ಮಾಡಿದರೆ ಡಿಫರೆನ್ಷಿಯಲ್ ದಾರಿಯುದ್ದಕ್ಕೂ ಊಳಿಡುತ್ತದೆ.

ಸ್ಟಾರ್ಲಿಯ ಗೇರಿಗೆ ಒಂದು ಹುಟ್ಟುದೋಷವಿತ್ತು. ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಬಲವೆಲ್ಲ ಅಲ್ಲೇ ಸುತ್ತಿ ವ್ಯರ್ಥ. 1930ರ ದಶಕದ ಆಟೊ ಯೂನಿಯನ್ ರೇಸ್ ಕಾರುಗಳು ಹೀಗೆ ಗಾಲಿ ಸುತ್ತಿಸಿಕೊಂಡು ಒದ್ದಾಡಿದಾಗ ಅವುಗಳ ವಿನ್ಯಾಸಕ ಫರ್ಡಿನಂಡ್ ಪೋರ್ಷೆ ಜರ್ಮನಿಯ ಝಡ್‌ಎಫ್ ಕಂಪನಿಯಿಂದ ಪರಿಹಾರ ಮಾಡಿಸಿದರು. ಇ-ಟೈಪ್‌ನಲ್ಲಿ ಹೀಗೆ ಗಾಲಿ ಸುತ್ತುವುದನ್ನು ತಡೆಯಲು ಪವರ್-ಲಾಕ್ ಎಂಬ ಕ್ಲಚ್ ಪ್ಲೇಟುಗಳ ಜೋಡಣೆ ಇದೆ. ಅದಕ್ಕೆ ಹೊಂದುವ ಎಣ್ಣೆ ಹಾಕದಿದ್ದರೆ ಕಾರು ನಿಧಾನವಾಗಿ ತಿರುಗುವಾಗ ಗೊರಗೊರ ನರಳುತ್ತದೆ. ಒಂದೇ ಗಾಲಿಯನ್ನು ಜಾಕ್ ಮೇಲೆತ್ತಿ ಗೇರಿನಲ್ಲಿ ಎಂಜಿನ್ ಓಡಿಸುವುದಂತೂ ಅಪಾಯ. ನೆಲದ ಮೇಲಿನ ಗಾಲಿಗೂ ಬಲ ಹೋಗಿ ಕಾರು ಜಾಕಿನಿಂದ ಧುಮುಕಿಬಿಡುತ್ತದೆ.

ಇಷ್ಟೆಲ್ಲ ಕಾಟವಿದ್ದರೂ ಪಂಜರ ದೀರ್ಘಾಯುಷಿ. 1968ರ ಎಕ್ಸ್‌ಜೆ6, ಆಮೇಲಿನ ಎಕ್ಸ್‌ಜೆ-ಎಸ್ ಎಲ್ಲವೂ ಅದೇ ವಿನ್ಯಾಸದ ಮೇಲೆ ಕೂತವು. ಒಂದೇ ಗಂಟಾಗಿ ಇಳಿಯುತ್ತದೆ ಎಂಬ ಕಾರಣಕ್ಕೇ ಅಮೆರಿಕದ ಹಾಟ್ ರಾಡ್ ಹುಚ್ಚರು ಹಳೆಯ ಜಾಗ್ವಾರ್‌ಗಳಿಂದ ಇದನ್ನು ಕಿತ್ತು, ಕ್ರೋಮ್ ಬಳಿದು, ತಮ್ಮ ಫೋರ್ಡುಗಳಿಗೆ ಕಟ್ಟಿಕೊಂಡರು. ಜಾಗ್ವಾರ್ ಹಿಂದಿನ ಡಿಸ್ಕುಗಳನ್ನು ಗಾಲಿಯ ಬಳಿಗೆ ಸರಿಸಿದ್ದು 1986ರ ಹೊಸ ಎಕ್ಸ್‌ಜೆ6ನಲ್ಲಿ. ಎಕ್ಸ್‌ಜೆಎಸ್‌ಗೆ ಆ ಭಾಗ್ಯ ಬರಲು 1993ರವರೆಗೆ ಕಾಯಬೇಕಾಯಿತು.