ಬಂಗಾರವೋ ಭಂಗಾರವೋ

ಮುಂಬಯಿಯ ಕಟ್ಟಡಗಳ ಕೆಳಗೆ ಹಳೆಯ ಸಾಮಾನು ಕೊಳ್ಳುವವನು ‘ಭಂಗಾರ್’ ಎಂದು ಕೂಗಿದಾಗ ಊರಿನಿಂದ ಹೊಸದಾಗಿ ಬಂದ ಕನ್ನಡಿಗರು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಾರೆ. ನಮಗೆ ಬಂಗಾರವೆಂದರೆ ಚಿನ್ನ. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ. ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಚೆಂಬೂರಿನಲ್ಲಿ ಮಾರಾಟಕ್ಕಿರುವ ಒಂದು ಯೆಜ್ಡಿ ಮೋಟಾರ್ ಸೈಕಲ್ಲನ್ನು ಈ ಎರಡು ಪದಗಳಲ್ಲಿ ಯಾವುದರಿಂದ ಕರೆಯಬೇಕೆಂಬುದು ಕೆಲವು ವಾರಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. 1978ರಲ್ಲಿ ನೋಂದಣಿಯಾದ, 250 ಸಿ.ಸಿ.ಯ ಟೂ-ಸ್ಟ್ರೋಕ್ ಗಾಡಿ. ಮಾಲೀಕರು ಅದನ್ನು ‘ವಿಂಟೇಜ್’ ಎನ್ನುತ್ತಾರೆ, ಅದೇ ಉಸಿರಿನಲ್ಲಿ ‘ಮಾಡಿಫೈಡ್’ ಎಂದೂ ಎನ್ನುತ್ತಾರೆ. ಕೇಳುತ್ತಿರುವ ಬೆಲೆ 1.5 ಲಕ್ಷ ರೂಪಾಯಿ. ಕೇಂದ್ರ ಸರ್ಕಾರದ ನೌಕರನು ಎರಡು ತಿಂಗಳ ಮೂಲವೇತನಕ್ಕೆ ಮೀರಿದ ಚರಾಸ್ತಿಯನ್ನು ಕೊಂಡರೆ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ. ಈ ಗಾಡಿ ಆ ಗೆರೆಯ ಸ್ವಲ್ಪ ಈಚೆಗೆ ನಿಲ್ಲುತ್ತದೆ ಎಂಬುದಷ್ಟೇ ಸದ್ಯದ ಸಮಾಧಾನ.

ಯೆಜ್ಡಿಯ ವಂಶಾವಳಿ ಮುಂಬಯಿ ಕನ್ನಡಿಗನಿಗೆ ಹೇಳಿ ಮಾಡಿಸಿದಂತಿದೆ. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ಇಬ್ಬರ ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ನಮ್ಮ ದೇಶದಲ್ಲಿ ವಿದೇಶಿ ವಿನಿಮಯಕ್ಕೆ ಬರ ಬಂದಿದ್ದ ಐವತ್ತರ ದಶಕದ ಕೊನೆಯಲ್ಲಿ ಇಡೀ ಗಾಡಿಯನ್ನು ಹೊರಗಿನಿಂದ ತರುವುದು ಕಷ್ಟವಾಗಿ, ಪರವಾನಗಿ ಪಡೆದು ಇಲ್ಲಿಯೇ ತಯಾರಿಸುವ ದಾರಿ ಉಳಿಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ನೆಲೆಯೂರಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಅಲ್ಲಿ ಜಾವಾ ಗಾಡಿಗಳು ತಯಾರಾದವು. 1973ರಿಂದ ಅವು ಯೆಜ್ಡಿ ಎಂಬ ಹೆಸರು ಹೊತ್ತವು. ಇರಾನಿನ ಯಜ್ದ್ ನಗರವನ್ನು ನೆನಪಿಸುವ ಹೆಸರದು. ಮುಂಬಯಿಯ ಮೂಲೆಮೂಲೆಗಳಲ್ಲಿ ಕೆಫೆ ತೆರೆದು ಬನ್ ಮಸ್ಕಾ, ಚಹಾ ಕೊಟ್ಟ ಇರಾನಿಗಳಲ್ಲಿ ಅನೇಕರ ಮೂಲ ಆ ಸೀಮೆಯೇ. ಜೆಕ್ ನಕ್ಷೆ, ಇರಾನಿ ಹೆಸರು, ಮೈಸೂರಿನ ಕೈಗಳು: ಗಾಡಿಯನ್ನು ನೋಡಲು ಹೋಗುವ ಮೊದಲೇ ನನ್ನ ಮನಸ್ಸು ಅದರ ಕಡೆಗೆ ವಾಲಿತ್ತೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಾರಣಗಳು ಹತ್ತಾರು ಇರಬಹುದು, ಆದರೆ 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ.100 ಎಂಬ ಫೋರ್-ಸ್ಟ್ರೋಕ್ ಗಾಡಿ ಲೆಕ್ಕಾಚಾರವನ್ನೇ ಬದಲಿಸಿತೆಂಬುದು ನಿಜ. ಕಡಿಮೆ ಪೆಟ್ರೋಲ್, ಕಡಿಮೆ ಹೊಗೆ, ಎಣ್ಣೆ ಬೆರೆಸುವ ರಗಳೆಯಿಲ್ಲ. ತೊಂಬತ್ತರ ದಶಕದಲ್ಲಿ ಹೊಗೆಯ ಮಿತಿಗಳು ಬಿಗಿಯಾಗುತ್ತ ಹೋದವು. ಯಮಹಾ ಆರ್.ಎಕ್ಸ್.100 ತಯಾರಿಕೆ ನಿಂತದ್ದೂ 1996ರಲ್ಲೇ. ಜಾವಾ ಮತ್ತು ಯೆಜ್ಡಿ ಹೆಸರುಗಳು 2018 ಮತ್ತು 2022ರಲ್ಲಿ ಮರಳಿ ಮಾರುಕಟ್ಟೆಗೆ ಬಂದವು; ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆದರೆ ಹೊಸ ಗಾಡಿಗಳದ್ದು ಫೋರ್-ಸ್ಟ್ರೋಕ್ ಎಂಜಿನ್. ಆ ಸದ್ದು ಅವುಗಳಿಗಿಲ್ಲ.

ಸದ್ದಿನ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಚೆಂಬೂರಿನ ಗಾಡಿಯಲ್ಲಿ ಮೊದಲು ಬದಲಾಗಿರುವುದು ಅದೇ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ಏರಿಳಿದು ಮುಚ್ಚುತ್ತದೆ, ತೆರೆಯುತ್ತದೆ. ಒಂದು ಕಿಂಡಿಯಿಂದ ಹೊಸ ಇಂಧನ ಒಳಗೆ ಬರುತ್ತಿರುವಾಗಲೇ ಇನ್ನೊಂದರಿಂದ ಹಳೆಯ ಹೊಗೆ ಹೊರಗೆ ಹೋಗುತ್ತಿರುತ್ತದೆ. ಹೋಗುವ ಹೊಗೆಯ ಬೆನ್ನು ಹಿಡಿದು ಒಂದಿಷ್ಟು ಹೊಸ ಇಂಧನವೂ ಸುಡದೆ ಹೊರಟುಬಿಡುತ್ತದೆ. ಅದನ್ನು ತಡೆದು ಮರಳಿ ಒಳಗೆ ನೂಕುವುದು ಹೊಗೆ ಕೊಳವೆಯಲ್ಲಿ ಹಿಂದಕ್ಕೆ ಚಿಮ್ಮುವ ಒತ್ತಡದ ಅಲೆ. ಆದ್ದರಿಂದ ಟೂ-ಸ್ಟ್ರೋಕ್ ಗಾಡಿಯಲ್ಲಿ ಸೈಲೆನ್ಸರ್ ಎಂಬುದು ಎಂಜಿನ್ನಿಗೆ ಅಂಟಿದ ಅಲಂಕಾರವಲ್ಲ, ಎಂಜಿನ್ನಿನದೇ ಒಂದು ಅಂಗ. ಇದನ್ನು ಶಾಸ್ತ್ರವಾಗಿ ಬೆಳೆಸಿದವನು ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್. ಹೊಟ್ಟೆ ಉಬ್ಬಿ ಬಾಲ ಸಣ್ಣಗಾಗುವ ಅವನ ಕೊಳವೆಗಳಿಂದ ಪುಟ್ಟ ಎಂಜಿನ್‌ಗಳು ದೊಡ್ಡವನ್ನು ಹಿಂದೆ ಹಾಕಿದವು. 1961ರ ಸೆಪ್ಟೆಂಬರಿನಲ್ಲಿ, ಸ್ವೀಡನ್ನಿನ ಪಂದ್ಯದ ವೇಳೆ, ಅವನ ಸವಾರ ಎರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿದನು. ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಪ್ಪಿಸಿ, ಮರುವರ್ಷವೇ ಅವರಿಗೆ 50 ಸಿ.ಸಿ. ವರ್ಗದ ವಿಶ್ವ ಪ್ರಶಸ್ತಿಯನ್ನು ಗೆದ್ದುಕೊಟ್ಟನು. ಅದೇ ಸುಜುಕಿ 1984ರಲ್ಲಿ ಟಿ.ವಿ.ಎಸ್. ಜೊತೆಗೂಡಿ ನಮ್ಮ ಗಡಿಯಾಚೆಯ ಹೊಸೂರಿಗೆ ಬಂದಿತು. ಡೆಗ್ನರ್ ಓಡಿಹೋದ ವರ್ಷವೇ ಮೈಸೂರಿನಲ್ಲಿ ಜಾವಾ ಹುಟ್ಟಿತು. ಅದರದು ಈ ಓಟದ ವಿದ್ಯೆಯಲ್ಲ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳನ್ನಿಟ್ಟು, ಸಂಸಾರಸ್ಥರನ್ನು ಹೊತ್ತು ನಿಧಾನವಾಗಿ ಗುಡುಗುವ ಜಾತಿ ಅದು.

ಚೆಂಬೂರಿನ ಗಾಡಿಗೆ ಆ ಎರಡು ಸೈಲೆನ್ಸರುಗಳ ಜಾಗದಲ್ಲಿ ಕಾಡೆನ್ ಮಾದರಿಯ ಕೊಳವೆಯೊಂದನ್ನು ಜೋಡಿಸಿದ್ದಾರೆ. ಮೂಲ ಟ್ಯಾಂಕ್ ಹೋಗಿ ಉದ್ದನೆಯದೊಂದು ಬಂದಿದೆ, ಇಬ್ಬರ ಸೀಟು ಒಬ್ಬರದಾಗಿದೆ, ಹ್ಯಾಂಡಲ್ ಕೆಳಕ್ಕೆ ಬಗ್ಗಿದೆ. ಲಂಡನ್ನಿನ ರಸ್ತೆಬದಿಯ ಕೆಫೆಗಳ ನಡುವೆ ಪಂದ್ಯ ಕಟ್ಟುತ್ತಿದ್ದ ಐವತ್ತು-ಅರವತ್ತರ ದಶಕದ ಹುಡುಗರಿಂದ ಬಂದ ‘ಕೆಫೆ ರೇಸರ್’ ಶೈಲಿ ಇದು. ಇರಾನಿ ಕೆಫೆಯ ಊರಿನಲ್ಲಿ, ಇರಾನಿಗಳು ಮಾಡಿಸಿದ ಗಾಡಿಗೆ, ಇಂಗ್ಲಿಷ್ ಕೆಫೆಯ ವೇಷ! ಮಾಲೀಕರಿಗೆ ಇದರಲ್ಲಿ ವಿನೋದವೇನೂ ಕಾಣಲಿಲ್ಲ.

ಇಲ್ಲಿ ನನಗೆ ನೆರವಿಗೆ ಬಂದದ್ದು ಮೆಕ್ಯಾನಿಕ್ ಅಲ್ಲ, ಮೈಸೂರಿನಲ್ಲಿ ಪಾಠ ಹೇಳಿದ ಡಿ.ಎಲ್. ನರಸಿಂಹಾಚಾರ್ಯರ ಶಾಸ್ತ್ರ. ‘ಕನ್ನಡ ಗ್ರಂಥ ಸಂಪಾದನೆ’ ಬರೆದ ಅವರ ಕ್ಷೇತ್ರದಲ್ಲಿ ಪಾಠಾಂತರಗಳೆಲ್ಲವೂ ಒಂದೇ ತೂಕದವಲ್ಲ. ಗರಿ ಮುರಿದಲ್ಲಿ ಊಹಿಸಿ ತುಂಬಿದ್ದು ಒಂದು ಬಗೆ; ತನಗೆ ಚೆನ್ನೆನಿಸಿತೆಂದು ಲಿಪಿಕಾರ ಸೇರಿಸಿದ್ದು ಇನ್ನೊಂದು ಬಗೆ. 1996ರ ನಂತರ ಯೆಜ್ಡಿಗೆ ಕಾರ್ಖಾನೆಯ ಬಿಡಿಭಾಗಗಳು ಬರುವುದು ನಿಂತಿತು. ಲೇತ್ ಯಂತ್ರದಲ್ಲಿ ಕಡೆದ ಬುಶ್ಶು, ಬೇರೆ ಗಾಡಿಯಿಂದ ಎರವಲು ಪಡೆದ ಕಾರ್ಬ್ಯುರೇಟರು ಇವುಗಳಿಂದಲೇ ಆ ಗಾಡಿಗಳು ಉಳಿದವು. ಇಂಥ ತಿದ್ದುಪಡಿಗಳೂ ಚರಿತ್ರೆಯೇ, ಕಾರ್ಖಾನೆ ಬರೆಯದೆ ಬಿಟ್ಟ ಎರಡನೆಯ ಸಂಪುಟ. ಈ ಗಾಡಿಯಲ್ಲಿ ಪಾಯಿಂಟುಗಳನ್ನು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದಾರೆ. ಮುಂಬಯಿ ಮಳೆಗಾಲವನ್ನು ಕಂಡವರು ಅದನ್ನು ತಪ್ಪೆನ್ನಲಾರರು. ಆದರೆ ಟ್ಯಾಂಕು ಹೋದದ್ದು ಅನಿವಾರ್ಯತೆಯಿಂದಲ್ಲ, ಷೋಕಿಯಿಂದ. ‘ಹಳೆಯದನ್ನು ಕಾಪಾಡುವ ಕಲೆ’ ಎಂದು ಅದನ್ನು ಹೊಗಳುವ ಇಂದಿನ ಪರಿಪಾಠ ನನಗೆ ಒಪ್ಪಿಗೆಯಿಲ್ಲ.

ಕಾನೂನಿಗೂ ಒಪ್ಪಿಗೆಯಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕನು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಗಾಡಿಯ ಸುತ್ತ ನಡೆದು ಬೆರಳು ಮಡಿಚಿ ಎಣಿಸಿದೆ. ಒಂದು ಕೈ ಸಾಲಲಿಲ್ಲ. ಇದಕ್ಕಿಂತ ಮುಖ್ಯವಾದದ್ದು 2021ರ ಜುಲೈನ ನಿಯಮ. ಅದರಂತೆ ‘ವಿಂಟೇಜ್’ ಎನ್ನಿಸಿಕೊಳ್ಳಲು ವಾಹನಕ್ಕೆ ಐವತ್ತು ವರ್ಷ ದಾಟಿರಬೇಕು, ಅದು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1978ರ ಗಾಡಿಗೆ ಐವತ್ತು ತುಂಬುವುದು 2028ರಲ್ಲಿ. ಅಂದರೆ ಮಾಲೀಕರು ಹೇಳುವ ಎರಡು ವಿಶೇಷಣಗಳು ಒಂದರ ಪಕ್ಕ ಒಂದು ಕೂರಲಾರವು. ‘ಮಾಡಿಫೈಡ್’ ಎಂಬುದು ನಿಜವಾದಷ್ಟು ಕಾಲ ‘ವಿಂಟೇಜ್’ ಎಂಬುದು ಇಂದೂ ಸುಳ್ಳು, ಎರಡು ವರ್ಷ ಕಾದರೂ ಸುಳ್ಳು.

ಕೊಂಡರೆ ಓಡಿಸುವುದೆಲ್ಲಿ ಎಂಬುದೂ ಚಿಲ್ಲರೆ ಪ್ರಶ್ನೆಯಲ್ಲ. ಬಾಂದ್ರಾ-ವರ್ಲಿ ಸೇತುವೆಯ ಮೇಲೆ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಈಸ್ಟರ್ನ್ ಫ್ರೀವೇ, ಅಟಲ್ ಸೇತು, ಜೆ.ಜೆ. ಮೇಲ್ಸೇತುವೆಗಳಲ್ಲಿಯೂ ಇಲ್ಲ. ಉಳಿಯುವುದು ಸಾಯನ್, ಮಾಹಿಮ್‌ಗಳ ಹಳೆಯ ದಾರಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ. ಅಲ್ಲಿ ನಿಂತಾಗ ನನ್ನ ಗಾಡಿಯ ನೀಲಿ ಹೊಗೆ ಹೋಗುವುದು ಪಕ್ಕದ ಆಟೋದಲ್ಲಿ ತಾಯಿಯ ತೊಡೆಯ ಮೇಲೆ ಕುಳಿತ ಮಗುವಿನ ಮೂಗಿಗೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಉರಿಯುವ ಎಂಜಿನ್ ಇದು. ಸ್ಮರಣೆಯ ಹೆಸರಿನಲ್ಲಿ ಅದನ್ನು ದಿನವೂ ಕಚೇರಿಗೆ ಓಡಿಸಲು ನನ್ನ ಮನಸ್ಸು ಒಪ್ಪದು. ತಿಂಗಳಿಗೆರಡು ಭಾನುವಾರ, ಬೆಳಗಿನ ಜಾವ, ಟ್ರಾಂಬೆಯ ಕಡೆಗೊಂದು ಸುತ್ತು: ಅಷ್ಟಕ್ಕೆ ಒಪ್ಪುತ್ತದೆ.

ಹಾಗಾದರೆ ಕೊಳ್ಳುವುದೋ ಬಿಡುವುದೋ? ಸೀಟನ್ನು ತೆಗೆಸಿ ನೋಡಿದೆ: ಚಾಸಿಗೆ ಗ್ಯಾಸ್ ಕಟರ್ ತಗುಲಿಲ್ಲ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಎರಡೂ ಆರ್.ಸಿ. ಪುಸ್ತಕಕ್ಕೆ ಹೊಂದುತ್ತವೆ. ಕಿಕ್ಕೂ ಗೇರೂ ಆಗಿ ದುಡಿಯುವ ಆ ಒಂದೇ ಲಿವರ್, ಯೆಜ್ಡಿಯ ಮುದ್ರೆಯೇ ಅನ್ನಬಹುದಾದದ್ದು, ಮೂಲದ್ದೇ. ಬೋಲ್ಟು ಬಿಚ್ಚಿ ಹಾಕಿದ್ದನ್ನು ಬೋಲ್ಟು ಬಿಚ್ಚಿ ತೆಗೆಯಬಹುದು. ಹಳೆಯ ಟ್ಯಾಂಕ್ ಮಾಲೀಕರ ಅಟ್ಟದ ಮೇಲಿದೆಯಂತೆ. ಸೈಲೆನ್ಸರುಗಳನ್ನು ಮಾತ್ರ ಕುರ್ಲಾದಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಸಿ ಬಂದಿದ್ದಾರೆ. ಮೈಸೂರಿನಲ್ಲಿ ಜೋಡಿ ಸಿಗಬಹುದು, ವಿಚಾರಿಸಿದ್ದೇನೆ.

ಉಳಿದಿರುವುದು ಒಂದೇ ಸಂಶಯ. ಓಟದ ಕೊಳವೆಯನ್ನು ಹಾಕಿದವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುವುದಿಲ್ಲ. ಸಿಲಿಂಡರಿನ ಕಿಂಡಿಗಳನ್ನೂ ಅರದಿಂದ ತೀಡಿ ಹಿಗ್ಗಿಸಿರುತ್ತಾರೆ. ತೀಡಿದ ಕಬ್ಬಿಣ ಮರಳಿ ಬರುವುದಿಲ್ಲ, ಅದು ಅಳಿಸಿದ ಅಕ್ಷರ. ಟ್ಯಾಂಕನ್ನೂ ಸೇರಿಸಿ 90,000 ರೂಪಾಯಿಗೆ, ಸಿಲಿಂಡರ್ ಬಿಚ್ಚಿ ನೋಡಿದ ಮೇಲೆ, ಎಂದು ನನ್ನ ಮಾತನ್ನು ಮುಟ್ಟಿಸಿದ್ದೇನೆ. ಬೆಲೆಯ ವಿಷಯದಲ್ಲಿ ಮಾಲೀಕರು ಇಳಿಯುವಂತೆ ತೋರುತ್ತಾರೆ. ಸಿಲಿಂಡರ್ ಬಿಚ್ಚಲು ಇನ್ನೂ ಒಪ್ಪಿಲ್ಲ.