ನೆರೆ ಇಳಿದ ಮೇಲೆ ವೈದ್ಯರ ಬಾಗಿಲು

ಹಾಸನ ಜಿಲ್ಲೆಯ ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವುದು ಹೇಮಾವತಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ. ಚನ್ನರಾಯಪಟ್ಟಣದ ಬಯಲು ಮಳೆಗಾಗಿ ಮುಗಿಲು ನೋಡುತ್ತಿರುವಾಗಲೂ ಘಟ್ಟದಲ್ಲಿ ಸುರಿದ ಮಳೆ ಈ ಎರಡು ಊರುಗಳ ದಂಡೆಗೆ ಬಂದು ಮುಟ್ಟುತ್ತದೆ. ನೆರೆ ಇಳಿದ ಮೇಲೆ ಬಿದ್ದ ಮನೆ, ಕೊಳೆತ ಬೆಳೆ, ಸತ್ತ ದನಗಳ ಲೆಕ್ಕ ನಡೆಯುತ್ತದೆ. ಪೇಟೆಬೀದಿಯ ಎರಡು ಕೋಣೆಯ ಕ್ಲಿನಿಕ್ಕಿನ ಲೆಕ್ಕ ಇಡುವವರು ಯಾರು?

ವಿಪತ್ತಿನ ನಡುವೆ ವೈದ್ಯಸೇವೆ ಉಳಿಸಿಕೊಳ್ಳುವ ಪ್ರಶ್ನೆ ಹೊಸದೇನಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್, 1898ರಲ್ಲಿ ಬೆಂಗಳೂರನ್ನು ಹೊಕ್ಕು ಮೈಸೂರು ಸಂಸ್ಥಾನದಲ್ಲಿ ಹರಡಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಊರೇ ಖಾಲಿಯಾದಾಗ ಔಷಧವೂ ಜನರ ಹಿಂದೆ ಶಿಬಿರಕ್ಕೆ ಹೋಗಬೇಕಾಯಿತು. ಆ ಕಾಲದ ವೈದ್ಯರ ಸಾಮಾನು ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು.

ಈಗ ಹಾಗಿಲ್ಲ. ಇನ್ಸುಲಿನ್ ಮತ್ತು ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ವಿದ್ಯುತ್ ಹೋದರೆ, ನೀರು ಒಳಗೆ ಬರದಿದ್ದರೂ ಔಷಧ ಕೆಡಬಹುದು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ನೆರೆಯಲ್ಲಿ ದೊಡ್ಡ ಆಸ್ಪತ್ರೆಯೊಂದರ ಜನರೇಟರೇ ನೀರುಪಾಲಾಗಿ ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಯಂತ್ರವಿದ್ದರೆ ಸಾಲದು, ಅದನ್ನು ಎಲ್ಲಿ ಕೂರಿಸಿದ್ದಾರೆ ಎಂಬುದೂ ಮುಖ್ಯ.

ಕಾವೇರಿ ಕಣಿವೆ 1924ರ ಜುಲೈ ತಿಂಗಳ ಮಹಾನೆರೆಯನ್ನು ಕಂಡಿದೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಸುಮಾರು 37 ಟಿಎಂಸಿ ನೀರು ನಿಲ್ಲುವಂತಾಯಿತು. ಆದರೆ ಜಲಾಶಯ ತುಂಬಿದ ಮೇಲೆ ಬಂದ ನೀರನ್ನು ಹೊರಬಿಡದೆ ವಿಧಿಯಿಲ್ಲ; ಕೆಳದಂಡೆಯವರು ಎಚ್ಚರವಾಗಿರಲೇಬೇಕು. ಕಾವೇರಿ ದಂಡೆಯ ರಾಮನಾಥಪುರಕ್ಕೆ 2018 ಮತ್ತು 2019ರ ಆಗಸ್ಟ್‌ನಲ್ಲಿ, ಸತತ ಎರಡು ವರ್ಷ, ನೀರು ನುಗ್ಗಿತು.

ನೀರು ಇಳಿದ ವಾರವೇ ವೈದ್ಯರ ಅಗತ್ಯ ಹೆಚ್ಚು. ವಾಂತಿಭೇದಿಯ ಜೊತೆಗೆ ಇಲಿಜ್ವರದ ಭಯವೂ ಇರುತ್ತದೆ. 2018ರಲ್ಲಿ ಕೇರಳ ಸರ್ಕಾರ ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ವ್ಯಾಪಕವಾಗಿ ಹಂಚಿತು. ಇಂಥ ಹೊತ್ತಿನಲ್ಲಿ ಕ್ಲಿನಿಕ್ಕಿನ ಬಾಗಿಲು ಮುಚ್ಚಿದ್ದರೆ ಸರ್ಕಾರಿ ಆಸ್ಪತ್ರೆಯ ಸಾಲು ಇನ್ನಷ್ಟು ಉದ್ದವಾಗುತ್ತದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಸರ್ಕಾರದ ಪರಿಹಾರದ ಪಟ್ಟಿಯಲ್ಲಿ ಮನೆ, ಬೆಳೆ, ಜಾನುವಾರುಗಳಿವೆ. ಖಾಸಗಿ ಕ್ಲಿನಿಕ್ಕಿಗೆ ಸ್ಥಾನವಿಲ್ಲ. ಅದಕ್ಕೆ ವಿಮೆಯೇ ಆಸರೆ. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ, 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗೆ ಬೆಂಕಿಯ ಜೊತೆ ನೆರೆಯ ನಷ್ಟವನ್ನೂ ಭರಿಸುತ್ತದೆ. ಆದರೆ ಪರಿಹಾರ ಕೇಳಲು ಸಾಮಾನಿನ ಪಟ್ಟಿ, ಖರೀದಿ ರಸೀದಿ, ಹಾನಿಯ ಚಿತ್ರ ಬೇಕು. ಆ ಕಾಗದಗಳೇ ನೆನೆದು ಮುದ್ದೆಯಾಗಿದ್ದರೆ?

ಆದ್ದರಿಂದ ಮುಂಗಾರಿಗೆ ಮೊದಲೇ ಮಾಡಬಹುದಾದ ಕೆಲಸಗಳು ಸರಳ: ಫ್ರಿಜ್ಜು, ಜನರೇಟರುಗಳನ್ನು ಎತ್ತರದಲ್ಲಿಡುವುದು, ರೋಗಿಗಳ ದಾಖಲೆಯ ಒಂದು ಪ್ರತಿಯನ್ನು ಬೇರೆ ಊರಲ್ಲಿ ಇಡುವುದು, ಲಸಿಕೆ ಸಾಗಿಸಲು ಐಸ್ ಪೆಟ್ಟಿಗೆ ಸಿದ್ಧವಿರುವುದು, ಬಾಗಿಲು ಹಾಕಬೇಕಾಗಿ ಬಂದರೆ ರೋಗಿಗಳನ್ನು ಯಾರ ಬಳಿ ಕಳಿಸಬೇಕೆಂದು ಪಕ್ಕದ ಊರಿನ ವೈದ್ಯರೊಂದಿಗೆ ಮಾತಾಡಿಕೊಳ್ಳುವುದು. ನೀರಿನಲ್ಲಿ ನೆಂದ ಔಷಧವನ್ನು ಒಣಗಿಸಿ ಮಾರುವಂತಿಲ್ಲ, ಎಸೆಯಲೇಬೇಕು.

ಬಾಗಿಲು ತೆರೆಯುವುದು ಒಂದು ವಾರ ತಡವಾದರೆ ವೈದ್ಯರಿಗೆ ಹೋಗುವುದು ವಾರದ ಸಂಪಾದನೆ. ಸೂಜಿಮದ್ದಿನ ಮೇಲೆ ಬದುಕಿರುವ ಮಧುಮೇಹಿಗೆ, ದಿನ ತುಂಬಿದ ಬಸುರಿಗೆ ಆ ಒಂದು ವಾರ ಬಲು ದೊಡ್ಡದು.