ಮಣ್ಣು ಮುಚ್ಚಿದ ಬೆಂಕಿ

ಬೆಂಕಿಯ ಇತಿಹಾಸವೆಂದು ನಾವು ಓದುವುದೆಲ್ಲ ಬಹುಮಟ್ಟಿಗೆ ಜ್ವಾಲೆಯ ಇತಿಹಾಸವೇ ಆಗಿರುತ್ತದೆ. 1666ರಲ್ಲಿ ಲಂಡನ್ ಉರಿಯಿತು, 1871ರಲ್ಲಿ ಶಿಕಾಗೊ ಉರಿಯಿತು. ಊರಿಗೆ ಊರೇ ಬೂದಿಯಾದ ಆ ಎರಡು ಮಹಾಗ್ನಿಗಳೂ ಕೆಲವೇ ದಿನಗಳಲ್ಲಿ ಮುಗಿದುಹೋದವು. ಇನ್ನೊಂದು ಬಗೆಯ ಬೆಂಕಿಯಿದೆ. ಅದಕ್ಕೆ ನಾಲಗೆಯಿಲ್ಲ, ಆರ್ಭಟವಿಲ್ಲ. ನೆಲದೊಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಂದೊಂದೇ ಅಂಗುಲದಂತೆ ತಿನ್ನುತ್ತ ಸಾಗುತ್ತದೆ. ಅದರ ಚರಿತ್ರೆಯನ್ನು ಬರೆದವರು ವಿರಳ. ಅಂಥ ಬೆಂಕಿಗಳಲ್ಲಿ ಒಂದು ವಿಶೇಷ ಜಾತಿಯ ವಿಚಾರವನ್ನು ಓದುಗರ ಮುಂದಿಡುತ್ತಿದ್ದೇನೆ. ಅದು ಕಲ್ಲಿದ್ದಲ ಗಣಿಯ ಬೆಂಕಿಯಲ್ಲ, ಕಾಡಿನ ಬೆಂಕಿಯೂ ಅಲ್ಲ. ಕಡಿದು ಹಾಕಿದ ಮರಗಳ ಕೊಂಬೆ, ಬೊಡ್ಡೆ, ಎಲೆ, ಹುಲ್ಲು ಇವನ್ನು ಮಾತ್ರ ಸುರಿಯಬೇಕೆಂದು ಮೀಸಲಿಟ್ಟ ಒಂದು ಜಾಗದ ಬೆಂಕಿ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಬರ್ಮಿಂಗ್‌ಹ್ಯಾಮ್ ನಗರದಿಂದ ಅನತಿ ದೂರದಲ್ಲಿ, ಸೇಂಟ್ ಕ್ಲೇರ್ ಕೌಂಟಿಗೆ ಸೇರಿದ ಮೂಡಿ ಎಂಬ ಸಣ್ಣ ಪಟ್ಟಣವಿದೆ. ಅದರ ಹೊರವಲಯದಲ್ಲಿ ಖಾಸಗಿಯವರ ಒಡೆತನದ ಸಸ್ಯತ್ಯಾಜ್ಯದ ಗುಂಡಿಯೊಂದಿತ್ತು. 2022ರ ನವೆಂಬರ್ 25ರಂದು, ಅಂದರೆ ಆ ದೇಶದವರು ಕೃತಜ್ಞತೆಯ ಹಬ್ಬವನ್ನು ಆಚರಿಸಿದ ಮರುದಿನ, ಅಲ್ಲಿ ಬೆಂಕಿ ಕಾಣಿಸಿಕೊಂಡಿತು. ಸ್ಥಳೀಯ ಅಗ್ನಿಶಾಮಕರು ಹೋದರು, ನೋಡಿದರು. ಉರಿಯುತ್ತಿದ್ದ ಜಾಗದ ವಿಸ್ತಾರ ಇಪ್ಪತ್ತೆರಡು ಎಕರೆಗೂ ಮಿಕ್ಕಿತ್ತು. ಕಸದ ಆಳ ಕೆಲವೆಡೆ ನೂರು ಅಡಿಯನ್ನು ಮೀರಿದೆಯೆಂದು ಅಧಿಕಾರಿಗಳು ಅಂದಾಜಿಸಿದರು. ಮೇಲೆ ನಿಂತು ನೀರು ಹಾಯಿಸೋಣವೆಂದರೆ ಕಾಲ ಕೆಳಗಿನ ನೆಲವೇ ಟೊಳ್ಳಾಗಿರಬಹುದು. ಒಳಗೆ ಉರಿದು ಬರಿದಾದ ಪೊಳ್ಳುಗಳ ಮೇಲೆ ತೆಳುವಾದ ಹೊದಿಕೆಯಷ್ಟೇ ಉಳಿದಿದ್ದರೆ, ಅದರ ಮೇಲೆ ಕಾಲಿಟ್ಟವನು ನೇರವಾಗಿ ಕೆಂಡಕ್ಕೆ ಬೀಳುತ್ತಾನೆ. ಹೀಗಾಗಿ ಬೆಂಕಿ ಉರಿಯುತ್ತಲೇ ಇತ್ತು, ಹೊಗೆ ಸುತ್ತಲಿನ ಮನೆಗಳನ್ನು ಹೊಕ್ಕು ಕುಳಿತಿತು. ಡಿಸೆಂಬರ್ ಕಳೆಯಿತು, ಹೊಸ ವರ್ಷವೂ ಬಂತು.

ಯಾರೂ ಯಾಕೆ ಕೈಹಾಕಲಿಲ್ಲ? ಈ ಪ್ರಶ್ನೆಗೆ ಸಿಗುವ ಉತ್ತರವೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು. ಅಲಬಾಮಾ ರಾಜ್ಯದ ಪರಿಸರ ನಿರ್ವಹಣಾ ಇಲಾಖೆ ಹೇಳಿದ್ದಿಷ್ಟು: ಸಸ್ಯತ್ಯಾಜ್ಯದ ಗುಂಡಿಗಳು ರಾಜ್ಯದ ಕಾನೂನಿನ ಪ್ರಕಾರ ತನ್ನ ನಿಯಂತ್ರಣಕ್ಕೆ ಒಳಪಡುವುದಿಲ್ಲ. ಊರಿನ ಕಸದ ಗುಂಡಿಗೆ ಪರವಾನಗಿ ಬೇಕು, ತಳಕ್ಕೆ ಹಾಸು ಬೇಕು, ದಿನದಿನವೂ ಮಣ್ಣು ಮುಚ್ಚಬೇಕು, ತಪಾಸಣೆಯಾಗಬೇಕು. ಎಲೆ, ಕೊಂಬೆಗಳ ಗುಂಡಿಗೆ ಇದಾವುದೂ ಇಲ್ಲ. ಕಾನೂನಿನ ಕಣ್ಣಿಗೆ ಅದು ಕಸವೇ ಅಲ್ಲವೆಂದರೂ ಸಲ್ಲುತ್ತದೆ. ಕೊಂಬೆಯೂ ಎಲೆಯೂ ಪ್ರಕೃತಿಯ ವಸ್ತುಗಳು, ತಾವಾಗಿ ಕೊಳೆತು ಮಣ್ಣಾಗುತ್ತವೆ, ಅವುಗಳಿಂದ ಯಾರಿಗೆ ಏನು ಅಪಾಯ ಎಂಬ ನಂಬಿಕೆಯೇ ಇದಕ್ಕೆ ತಳಹದಿ. ಆ ಗುಂಡಿಯಲ್ಲಿ ಕೊಂಬೆಗಳ ಜೊತೆಗೆ ಹಳೆಯ ಟೈರುಗಳೇ ಮೊದಲಾದ ಅನಧಿಕೃತ ವಸ್ತುಗಳೂ ಸೇರಿದ್ದವೆಂಬುದು ಬೇರೆ ಮಾತು. ಬೆಂಕಿಗೆ ಒಡೆಯರಿಲ್ಲದೆ ಹೋದದ್ದು ಮಾತ್ರ ಟೈರುಗಳಿಂದಲ್ಲ, ಎಲೆಗಳ ಮೇಲಿಟ್ಟ ವಿಶ್ವಾಸದಿಂದ.

ಅಮೆರಿಕದಲ್ಲಿ ಈ ಹಸಿರು ಕಸ ಬೇರೆಯಾಗಿ ಒಂದೆಡೆ ರಾಶಿ ಬೀಳತೊಡಗಿದ್ದಕ್ಕೂ ಹಿನ್ನೆಲೆಯಿದೆ. 1980ರ ದಶಕದ ಕೊನೆಯಿಂದ 1990ರ ದಶಕದವರೆಗೆ ಅಲ್ಲಿನ ಅನೇಕ ರಾಜ್ಯಗಳು ಅಂಗಳದ ಹುಲ್ಲು, ಎಲೆಗಳನ್ನು ಊರಿನ ಕಸದ ಗುಂಡಿಗೆ ಹಾಕುವುದನ್ನು ನಿಷೇಧಿಸಿದವು. ಗುಂಡಿಗಳು ಬೇಗ ತುಂಬುತ್ತವೆ, ಕೊಳೆತಾಗ ಮೀಥೇನ್ ಹುಟ್ಟುತ್ತದೆ ಎಂಬುದು ಕಾರಣ. ಕಾರಣ ಸರಿಯಾದದ್ದೇ. ಆದರೆ ಕಸದ ಪ್ರಮಾಣ ಸಣ್ಣದಲ್ಲ. 2018ರ ಲೆಕ್ಕದಂತೆ ಆ ದೇಶದ ನಗರತ್ಯಾಜ್ಯದಲ್ಲಿ ಇಂಥ ಅಂಗಳದ ಕಸವೇ ಸುಮಾರು 3.5 ಕೋಟಿ ಟನ್ನು, ಅಂದರೆ ಒಟ್ಟು ತ್ಯಾಜ್ಯದ ಎಂಟರಲ್ಲಿ ಒಂದು ಪಾಲು. ಗೊಬ್ಬರವಾಗಿ, ಪುಡಿಯಾಗಿ ಬಳಕೆಯಾದದ್ದು ಹೋಗಿ ಉಳಿದದ್ದು ಎಲ್ಲೋ ಒಂದು ಕಡೆ ಗುಡ್ಡವಾಗಲೇಬೇಕು.

ಗುಡ್ಡವಾದ ಎಲೆಗೆ ಏನಾಗುತ್ತದೆಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಮಾಗಿಯ ಬೆಳಗಿನಲ್ಲಿ ತಿಪ್ಪೆಯಿಂದ ಹಬೆಯೇಳುವುದನ್ನು ನೋಡದ ಹಳ್ಳಿಗರಿಲ್ಲ. ಹಸಿ ಆರದ ಹುಲ್ಲನ್ನು ಬಣವೆಯೊಟ್ಟಿದರೆ ಒಳಗೆ ಬಿಸಿಯೇರಿ ಕಪ್ಪಾಗುತ್ತದೆ, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ರೋಮಿನ ಪ್ಲಿನಿ, ಒಣಗದ ಹುಲ್ಲನ್ನು ಒಟ್ಟಿದರೆ ಅದು ಹಬೆಯಾಡಿ ಬೆಂಕಿ ಹಿಡಿಯುತ್ತದೆಂದು ಬರೆದಿಟ್ಟಿದ್ದಾನೆ. ನಾನು ವಿಜ್ಞಾನ ಹೇಳಿಕೊಡುತ್ತಿದ್ದ ದಿನಗಳಲ್ಲಿ ಶಾಲೆಯ ಹಿಂದಿನ ಎಲೆಗೊಬ್ಬರದ ಗುಂಡಿಗೆ ಮಕ್ಕಳನ್ನು ಕರೆದೊಯ್ದು, ಕಬ್ಬಿಣದ ಸಲಾಕೆಯೊಂದನ್ನು ರಾಶಿಯೊಳಗೆ ನೆಟ್ಟು, ಪಾಠ ಮುಗಿದ ಮೇಲೆ ಎಳೆದು ಅವರ ಅಂಗೈಗೆ ಮುಟ್ಟಿಸುತ್ತಿದ್ದೆ. ಅವರು ಕೈ ಹಿಂದಕ್ಕೆ ಸೆಳೆದುಕೊಳ್ಳುತ್ತಿದ್ದ ಪರಿ ಈಗಲೂ ಕಣ್ಣ ಮುಂದಿದೆ. ಉಷ್ಣದ ಬಗ್ಗೆ ನಾನು ಹಲಗೆಯ ಮೇಲೆ ಬರೆದ ಯಾವ ಸೂತ್ರವೂ ಆ ಸಲಾಕೆಯಷ್ಟು ಕಲಿಸಲಿಲ್ಲ.

ನಡೆಯುವುದು ಹೀಗೆ. ಮೊದಲಿಗೆ ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಸುತ್ತ ಶಾಖವನ್ನು ಹುಟ್ಟಿಸುತ್ತವೆ. ಎಪ್ಪತ್ತು, ಎಂಬತ್ತು ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಅವೇ ಆ ಶಾಖಕ್ಕೆ ಸಾಯುತ್ತವೆ. ರಾಶಿ ಚಿಕ್ಕದಾಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ದೊಡ್ಡದಾಗಿದ್ದರೆ ಮುಗಿಯುವುದಿಲ್ಲ. ರಾಶಿಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಸಿದರೆ ಶಾಖ ಹೊರಹೋಗುವ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ. ಶಾಖವನ್ನು ಹುಟ್ಟಿಸುವ ಒಡಲು ಎಂಟು ಪಟ್ಟಾಗುತ್ತದೆ. ಹೋಗಲು ದಾರಿಯಿಲ್ಲದ ಶಾಖ ಒಳಗೇ ಕೂಡುತ್ತದೆ. ಜೀವಿಗಳು ಬಿಟ್ಟ ಕೆಲಸವನ್ನು ರಾಸಾಯನಿಕ ಉತ್ಕರ್ಷಣ ಮುಂದುವರಿಸುತ್ತದೆ, ಕೊನೆಗೆ ಕಟ್ಟಿಗೆ ಕೆಂಡವಾಗುತ್ತದೆ. ಹೊರಗಿನಿಂದ ಬಿದ್ದ ಕಿಡಿಯಿಂದಲೂ ಇದೇ ಸ್ಥಿತಿ ಒದಗಬಹುದು. ಮೂಡಿಯಲ್ಲಿ ಮೊದಲ ಕಿಡಿ ಯಾವುದಾಗಿದ್ದರೂ ಮುಂದಿನ ದಾರಿ ಒಂದೇ.

ಜ್ವಾಲೆಯಿಲ್ಲದ ಈ ದಹನಕ್ಕೆ ಬೇಕಾದ ಆಮ್ಲಜನಕ ಬಹಳ ಕಡಿಮೆ. ಜ್ವಾಲೆ ನಿಂತುಹೋಗುವಷ್ಟು ಗಾಳಿ ಕಡಿಮೆಯಾದರೂ ಇದು ನಿಲ್ಲುವುದಿಲ್ಲ. ಉಷ್ಣತೆ ಜ್ವಾಲೆಯದಕ್ಕಿಂತ ಕಡಿಮೆ, ಸಾಮಾನ್ಯವಾಗಿ ಐನೂರರಿಂದ ಏಳುನೂರು ಡಿಗ್ರಿ. ನಡಿಗೆ ಗಂಟೆಗೆ ಕೆಲವು ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರುಗಳಷ್ಟು. ಆದರೂ ಭೂಮಿಯ ಮೇಲಿನ ಅತಿ ದೊಡ್ಡ ಬೆಂಕಿಗಳೆಲ್ಲ ಈ ಜಾತಿಯವೇ. 1997ರಲ್ಲಿ ಇಂಡೊನೇಷ್ಯದ ಜೌಗುನೆಲದ ಸಸ್ಯಪದರ ಹೀಗೆ ಕನಲಿ ಉಗುಳಿದ ಇಂಗಾಲವು, ಆ ಕಾಲದಲ್ಲಿ ಜಗತ್ತೆಲ್ಲ ವರ್ಷವೊಂದರಲ್ಲಿ ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ಬಿಡುತ್ತಿದ್ದುದರ ಶೇಕಡಾ 13ರಿಂದ 40ರಷ್ಟಿತ್ತೆಂದು ವಿಜ್ಞಾನಿಗಳು 2002ರಲ್ಲಿ ಲೆಕ್ಕಹಾಕಿದರು.

ಇದನ್ನು ಆರಿಸುವ ಬಗೆ? ನೀರು ಎಂಬುದು ಎಲ್ಲರ ಮೊದಲ ಉತ್ತರ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 540 ಕಿಲೊಕ್ಯಾಲರಿ ಶಾಖವನ್ನು ಹೀರಿಕೊಳ್ಳುತ್ತದೆ, ನಿಜ. ಆದರೆ ಗುಡ್ಡದ ಮೇಲೆ ಸುರಿದ ನೀರು ಒಳಗೆಲ್ಲ ಸಮನಾಗಿ ಇಳಿಯುವುದಿಲ್ಲ. ತನಗೆ ಸುಲಭವಾದ ಬಿರುಕುಗಳನ್ನು ಹಿಡಿದು ಕೆಂಡವನ್ನು ಬಳಸಿಕೊಂಡು ಹೋಗುತ್ತದೆ, ಕೊನೆಗೆ ಕಪ್ಪು ರಸವಾಗಿ ಬುಡದಿಂದ ಹೊರಬರುತ್ತದೆ. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ಬಳಿಯ ಹೆಲೋಟಿಸ್ ಎಂಬಲ್ಲಿ 2006ರ ಕ್ರಿಸ್ಮಸ್ ವೇಳೆಗೆ ಸುಮಾರು ಎಂಬತ್ತು ಅಡಿ ಎತ್ತರದ ಕೊಂಬೆ, ಬೊಡ್ಡೆಗಳ ರಾಶಿಯೊಂದು ಹೊತ್ತಿಕೊಂಡಾಗ ಆದದ್ದು ಇದೇ. ಆ ರಾಶಿ ಕುಳಿತಿದ್ದದ್ದು ಎಡ್ವರ್ಡ್ಸ್ ಅಂತರ್ಜಲ ಭಂಡಾರಕ್ಕೆ ಮಳೆನೀರು ಇಂಗುವ ಸುಣ್ಣಕಲ್ಲಿನ ನೆಲದ ಮೇಲೆ. ಸ್ಯಾನ್ ಆಂಟೋನಿಯೊ ಬಹುಪಾಲು ಆ ಭಂಡಾರದ ನೀರನ್ನೇ ಕುಡಿಯುವ ನಗರ. ಬೆಂಕಿಗೆ ಸುರಿದ ನೀರು ಹತ್ತಿರದ ಕೆಲವು ಮನೆಗಳ ಬಾವಿಗಳಲ್ಲಿ ಬಣ್ಣಗೆಟ್ಟು ಕಾಣಿಸಿಕೊಂಡಿತು. ಆಮೇಲೆ ಸುಮ್ಮನೆ ನೀರು ಹಾಯಿಸುವುದನ್ನು ಬಿಟ್ಟು, ಯಂತ್ರಗಳಿಂದ ರಾಶಿಯನ್ನು ಸ್ವಲ್ಪಸ್ವಲ್ಪವೇ ಕಿತ್ತು, ಕಿತ್ತದ್ದನ್ನು ನೀರಿನಲ್ಲಿ ನೆನೆಸಿ, ಹರಡಿ, ಮೂರು ತಿಂಗಳ ಶ್ರಮದ ನಂತರ 2007ರ ಮಾರ್ಚಿನಲ್ಲಿ ಬೆಂಕಿಯನ್ನು ಆರಿಸಿದರು. ನಿಧಾನದ ಕೆಲಸ, ದುಡ್ಡಿನ ಕೆಲಸ. ಅಗೆದಾಗ ಹೊಸ ಗಾಳಿ ತಗುಲಿ ಕೆಂಡ ಭುಗಿಲೇಳುವ ಅಪಾಯವೂ ಇದ್ದೇ ಇರುತ್ತದೆ. ಆದರೆ ತೆಗೆದ ಪ್ರತಿಯೊಂದು ಬೊಗಸೆಯೂ ಆರಿದ್ದು ಕಣ್ಣಿಗೆ ಕಾಣುತ್ತದೆ.

ಮೂಡಿಯಲ್ಲಿ ಆಯ್ದುಕೊಂಡದ್ದು ಎರಡನೆಯ ದಾರಿ. 2023ರ ಜನವರಿ 18ರಂದು ರಾಜ್ಯಪಾಲೆ ಕೇ ಐವಿ ತುರ್ತುಪರಿಸ್ಥಿತಿಯನ್ನು ಘೋಷಿಸಿ (ಅಲ್ಲಿ ರಾಜ್ಯಪಾಲರೇ ಸರಕಾರದ ಮುಖ್ಯಸ್ಥರು), ಒಕ್ಕೂಟ ಸರಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಕೈಹಾಕಲು ದಾರಿ ಮಾಡಿಕೊಟ್ಟರು. ಬೆಂಕಿ ಹೊತ್ತಿ ಆಗಲೇ ಎಂಟು ವಾರಗಳು ಕಳೆದಿದ್ದವು. ಸಂಸ್ಥೆಯ ಗುತ್ತಿಗೆದಾರರು ಮಣ್ಣನ್ನು ಅಗೆದು, ಸಾಗಿಸಿ, ಉರಿಯುವ ಗುಡ್ಡದ ಮೇಲೆ ಹೊದಿಸುತ್ತ ಬಂದರು. ಉಸಿರುಕಟ್ಟಿಸಿ ಕೊಲ್ಲುವ ಉಪಾಯವಿದು. ಮಾರ್ಚ್ ಹೊತ್ತಿಗೆ ಹೊದಿಕೆ ಪೂರ್ಣವಾಯಿತು, ಹೊಗೆ ಬಹಳ ಮಟ್ಟಿಗೆ ಅಡಗಿತು, ಸುತ್ತಲಿನ ಜನ ಕಿಟಕಿ ತೆರೆಯುವಂತಾಯಿತು. ಅಷ್ಟರಮಟ್ಟಿಗೆ ಇದು ದೊಡ್ಡ ಉಪಕಾರವೇ ಎಂಬುದನ್ನು ಒಪ್ಪಬೇಕು. ಹೊಗೆಯಲ್ಲಿ ಬದುಕಿದವರಿಗೆ ಅದರ ಬೆಲೆ ಗೊತ್ತು.

ಆದರೆ ನಮ್ಮ ಅಜ್ಜಿಯರನ್ನು ಕೇಳಿದ್ದರೆ ಅವರು ಒಂದು ಸಂದೇಹವನ್ನು ಎತ್ತುತ್ತಿದ್ದರು. ಬೆಂಕಿಪೆಟ್ಟಿಗೆ ದುಬಾರಿಯಾಗಿದ್ದ ಕಾಲದಲ್ಲಿ ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಮುಚ್ಚುತ್ತಿದ್ದದ್ದು ಅದನ್ನು ಆರಿಸಲಿಕ್ಕಲ್ಲ, ಬೆಳಗಿನವರೆಗೆ ಕಾಪಾಡಲಿಕ್ಕೆ. ಕುಂಬಾರನು ಆವಿಗೆಯನ್ನು ಹುಲ್ಲಿನಿಂದ ಮುಚ್ಚಿ ಮಣ್ಣು ಮೆತ್ತುವುದೂ ಉರಿಯನ್ನು ಒಳಗೆ ಹಿಡಿದಿಡಲಿಕ್ಕೆ. ಇದ್ದಿಲು ಸುಡುವವರಂತೂ ಕಟ್ಟಿಗೆಯ ಗುಡ್ಡಕ್ಕೆ ಮಣ್ಣು ಹೊದಿಸಿ, ಗಾಳಿಯನ್ನು ಅಳೆದು ಬಿಟ್ಟು, ದಿನಗಟ್ಟಲೆ ಅದನ್ನು ಒಳಗೊಳಗೇ ಬೇಯಿಸುತ್ತಾರೆ. ಹಗಲಿರುಳು ಒಬ್ಬನು ಕಾವಲಿದ್ದು, ಎಲ್ಲಿ ಬಿರುಕು ಬಿಟ್ಟಿತೋ ಅಲ್ಲಿ ಮಣ್ಣು ಮೆತ್ತುತ್ತಿರಬೇಕು. ಮಣ್ಣಿನ ಹೊದಿಕೆ ಪೂರ್ತಿ ಗಾಳಿಗಟ್ಟಿಯಾದರೆ ಬೆಂಕಿ ಸಾಯುತ್ತದೆ. ಕಟ್ಟಿಗೆಯ ಗುಡ್ಡದ ವಿಚಾರದಲ್ಲಿ ಹಾಗಾಗುವುದು ದುರ್ಲಭ. ಒಳಗೆ ಉರಿದಷ್ಟೂ ಗುಡ್ಡ ಕುಸಿಯುತ್ತದೆ, ಕುಸಿದಂತೆ ಹೊದಿಕೆ ಸೀಳುತ್ತದೆ, ಸೀಳಿನಿಂದ ಗಾಳಿ ಒಳಹೊಗುತ್ತದೆ. ಕಡಿದಾದ ಪಕ್ಕೆಗಳಲ್ಲಿ ಮಣ್ಣು ನಿಲ್ಲುವುದೂ ಕಷ್ಟ. ಜೊತೆಗೆ ಮಣ್ಣು ಒಳ್ಳೆಯ ಕಂಬಳಿಯೂ ಹೌದು. ಬೆಂಕಿ ಸತ್ತ ಮೇಲೂ ಶಾಖ ಹೊರಹೋಗದೆ ತಿಂಗಳುಗಟ್ಟಲೆ ಉಳಿದು, ಗಾಳಿ ಸಿಕ್ಕ ದಿನ ಮತ್ತೆ ಕೆರಳಬಲ್ಲದು.

ಅದೇ 2023ರ ಮಾರ್ಚಿನಲ್ಲಿ, ಅಲಬಾಮಾದಲ್ಲಿ ಮಣ್ಣು ಹೊದಿಸುತ್ತಿದ್ದಾಗ, ನಮ್ಮ ನೆರೆಯ ಕೇರಳದ ಕೊಚ್ಚಿಯಲ್ಲಿ ಬ್ರಹ್ಮಪುರದ ಕಸದ ಗುಡ್ಡ ಉರಿಯುತ್ತಿತ್ತು. ಅದು ಸಸ್ಯತ್ಯಾಜ್ಯದ ಗುಡ್ಡವಲ್ಲ, ಪ್ಲಾಸ್ಟಿಕ್ ತುಂಬಿದ ಹಳೆಯ ಕಸ. ಆದರೆ ಬೆಂಕಿ ಮಾತ್ರ ಇದೇ ಜಾತಿಯದು, ಅಡಿಗಟ್ಟಲೆ ಆಳದಲ್ಲಿ ಕನಲುವಂಥದ್ದು. ಅಲ್ಲಿನ ಅಗ್ನಿಶಾಮಕರು ಹೆಲೋಟಿಸಿನವರ ದಾರಿಯನ್ನೇ ಹಿಡಿದರು. ಮಣ್ಣು ತೋಡುವ ಯಂತ್ರಗಳಿಂದ ಕಸವನ್ನು ಮಗುಚಿ, ತೆರೆದ ಗುಂಡಿಗೆ ನೀರು ತುಂಬಿ, ಮಾರ್ಚ್ 2ರಂದು ಹೊತ್ತಿದ ಬೆಂಕಿಯನ್ನು 13ರ ಹೊತ್ತಿಗೆ ಆರಿಸಿದರು. ಉಚ್ಚ ನ್ಯಾಯಾಲಯ ತಾನಾಗಿ ವಿಚಾರಣೆ ಕೈಗೆತ್ತಿಕೊಂಡಿತು, ಹಸಿರು ನ್ಯಾಯಮಂಡಳಿ ನಗರಪಾಲಿಕೆಗೆ ನೂರು ಕೋಟಿ ರೂಪಾಯಿ ದಂಡ ವಿಧಿಸಿತು. ಕೊಚ್ಚಿಯ ಆಡಳಿತದಿಂದ ಜಗತ್ತು ಕಲಿಯಬೇಕಾದದ್ದು ಹೆಚ್ಚೇನಿರಲಿಕ್ಕಿಲ್ಲ. ಆದರೂ ಅಲ್ಲಿ ಗುಡ್ಡ ಯಾರದೆಂಬ ಪ್ರಶ್ನೆಗೆ ಉತ್ತರವಿತ್ತು, ದಂಡ ಹಾಕಲು ಒಂದು ವಿಳಾಸವಿತ್ತು. ಮೂಡಿಯ ಜನ ಮೊದಲ ಎಂಟು ವಾರ ಹುಡುಕಿದ್ದು ಅಂಥ ಒಂದು ವಿಳಾಸವನ್ನೇ.

ನೆಲದೊಳಗಿನ ಬೆಂಕಿ ಆರಿದೆಯೆಂದು ಹೇಳಲು ಹೊಗೆ ನಿಂತರೆ ಸಾಲದು. ಗುಡ್ಡಕ್ಕೆ ಕೊಳವೆಗಳನ್ನಿಳಿಸಿ ಆಳದ ಉಷ್ಣತೆಯನ್ನು ಅಳೆಯುತ್ತಾರೆ, ಅಲ್ಲಿಂದ ಹೊರಬರುವ ಅನಿಲದಲ್ಲಿ ಕಾರ್ಬನ್ ಮೋನಾಕ್ಸೈಡ್ ಎಷ್ಟಿದೆಯೆಂದು ನೋಡುತ್ತಾರೆ. ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗವನ್ನು ಮೀರಿದ್ದರೆ ಒಳಗೆ ಇನ್ನೂ ಉರಿಯಿದೆಯೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಎರಡೂ ಅಂಕಿಗಳು ವಾರಗಟ್ಟಲೆ ಇಳಿಯುತ್ತಲೇ ಹೋಗಬೇಕು. ಮೂಡಿಯಲ್ಲಿ ಹೊದಿಕೆ ಮುಗಿದು ವರ್ಷ ತುಂಬುವ ಮೊದಲೇ, 2024ರ ಆರಂಭದ ಹೊತ್ತಿಗೆ, ಗುಡ್ಡದಿಂದ ಮತ್ತೆ ಹೊಗೆ ಏಳುತ್ತಿತ್ತು. ಒಕ್ಕೂಟದ ಸಂಸ್ಥೆ ಗಾಳಿಯನ್ನು ಪರೀಕ್ಷಿಸಲು ಪುನಃ ಅಲ್ಲಿಗೆ ಬರಬೇಕಾಯಿತು.